ಎಸ್.ಪಿ. ರೋಡಲ್ಲಿ ಒಂದು ಶನಿವಾರ, ಅಪ್ಪನಿಗೊಂದು ಕಂಪ್ಯೂಟರ್

"ಕರೆಂಟು ಬಂತು ಮಾರಾಯ. ಕಂಪ್ಯೂಟರ್ ಬರಲಿಲ್ಲ."

ಕಳೆದ ನವೆಂಬರ್ ಕೊನೆಯಲ್ಲಿ ಅಪ್ಪ ಫೋನ್ ಮಾಡಿ ಹೇಳಿದ್ದು ಇಷ್ಟೇ. ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ಕರೆಂಟು ಹೋಗುವುದು, ಬರುವುದು ಸುದ್ದಿಯೇ ಅಲ್ಲ. ಕಂಪ್ಯೂಟರ್ ಬರದಿದ್ದದ್ದು ಮಾತ್ರ ದೊಡ್ಡ ಸುದ್ದಿ. ಅಪ್ಪ ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು. ಊರಿನ ಅರ್ಜಿಗಳು, ದೇವಸ್ಥಾನದ ಜಮಾ-ಖರ್ಚು, ಯಾರದೋ ಮನೆಯ ಗೃಹಪ್ರವೇಶದ ಆಮಂತ್ರಣ ಎಲ್ಲವನ್ನೂ ನುಡಿಯಲ್ಲಿ ಟೈಪ್ ಮಾಡಿಕೊಡುವುದು ಅವರೇ. ದುಡ್ಡು ತಗೊಳಲ್ಲ. ಬಂದವರು ಒಂದು ಬಾಳೆಗೊನೆಯೋ, ನಾಲ್ಕು ಸೌತೆಕಾಯಿಯೋ ಇಟ್ಟು ಹೋಗುತ್ತಾರೆ. ಕಂಪ್ಯೂಟರ್ ನಿಂತರೆ ಜಗಲಿಗೆ ಜನ ಬರುವುದೂ ನಿಲ್ಲುತ್ತದೆ. ಅದನ್ನು ಅವರು ಬಾಯಿಬಿಟ್ಟು ಹೇಳುವವರಲ್ಲ.

ಆ ಯಂತ್ರಕ್ಕೆ ಹನ್ನೆರಡು ವರ್ಷ. 2013ರಲ್ಲಿ ನಾನು ಎಂಜಿನಿಯರಿಂಗ್ ಸೇರಿದಾಗ ಅಪ್ಪನೇ ನನ್ನ ಜೊತೆ ಬೆಂಗಳೂರಿಗೆ ಬಂದು, ಮೆಜೆಸ್ಟಿಕ್‌ನಲ್ಲಿ ಬಸ್ ಇಳಿದು, ದಾರಿ ಕೇಳಿಕೊಂಡು ಎಸ್.ಪಿ. ರೋಡಿನವರೆಗೆ ನಡೆದು ಕೊಡಿಸಿದ್ದು. ಮೂರನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್, ಮುಂದೆ ನೀಲಿ ಲೈಟ್ ಇದ್ದ ಕಪ್ಪು ಕ್ಯಾಬಿನೆಟ್. ಮಾನಿಟರ್ ಸೇರಿ ಇಪ್ಪತ್ತೆರಡು ಸಾವಿರ. ಆ ವರ್ಷದ ಅಡಿಕೆ ದುಡ್ಡು. ಅಂಗಡಿಯ ಹುಡುಗ ಜೋಡಿಸುವಾಗ ಅಪ್ಪ ಪಕ್ಕದಲ್ಲೇ ನಿಂತು, ಜೇಬಿನ ಪುಟ್ಟ ಡೈರಿಯಲ್ಲಿ ಯಾವ ವೈರ್ ಎಲ್ಲಿಗೆ ಹೋಗುತ್ತದೆ ಅಂತ ಬರೆದುಕೊಳ್ಳುತ್ತಿದ್ದರು. ನನಗೆ ನಾಚಿಕೆ. ಹದಿನೇಳು ವರ್ಷದ ಹುಡುಗನಿಗೆ ಯಾವುದಕ್ಕೆ ತಾನೇ ನಾಚಿಕೆ ಆಗಲ್ಲ?

ಮೂರನೇ ವರ್ಷ ನನಗೆ ಲ್ಯಾಪ್‌ಟಾಪ್ ಬಂತು, ಕ್ಯಾಬಿನೆಟ್ ಊರಿಗೆ ಹೋಯಿತು. ಅಲ್ಲಿಂದ ಅದರ ನಿಜವಾದ ಆಯುಸ್ಸು ಶುರು. ಮಳೆಗಾಲದಲ್ಲಿ ಬೂಷ್ಟು ಹಿಡಿಯದಿರಲಿ ಅಂತ ಅಪ್ಪ ಅದರ ಪಕ್ಕ ಒಂದು ನಲವತ್ತು ವಾಟಿನ ಬಲ್ಬು ಉರಿಸಿಡುತ್ತಾರೆ. ಆನ್ ಆಗದಿದ್ದರೆ ಡೈರಿ ನೋಡಿಕೊಂಡು ಮುಚ್ಚಳ ಬಿಚ್ಚಿ, ರ‍್ಯಾಮ್ ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿ ಮತ್ತೆ ಹಾಕುತ್ತಾರೆ. ಹತ್ತರಲ್ಲಿ ಒಂಬತ್ತು ಸಲ ಅದೇ ಸಾಕಾಗಿತ್ತು. ಈ ಸಲ ಸಾಕಾಗಲಿಲ್ಲ. ವಿಡಿಯೊ ಕಾಲ್‌ನಲ್ಲಿ ನೋಡಿದೆ, ಬೋರ್ಡಿನ ಎರಡು ಕೆಪಾಸಿಟರ್‌ಗಳ ತಲೆ ಉಬ್ಬಿತ್ತು. ರಿಪೇರಿ ಮಾಡಿಸಬಹುದಿತ್ತು. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೇ ತಿಲಾಂಜಲಿ ಕೊಟ್ಟಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನಿಂದ ಈಚೆಗಿನದಾಗಬೇಕು. ನಮ್ಮ ಐ3ಗೆ ಎರಡೂ ಇಲ್ಲ.

ಮೇಜು ಚಿಕ್ಕದು, ಇನ್ವರ್ಟರ್ ಇನ್ನೂ ಚಿಕ್ಕದು. ಹಾಗಾಗಿ ಪುಟ್ಟ ಡೆಸ್ಕ್‌ಟಾಪ್ ಸಾಕು ಅಂತ ಮೊದಲೇ ನಿರ್ಧಾರವಾಗಿತ್ತು. ಲ್ಯಾಪ್‌ಟಾಪ್ ಯಾಕಲ್ಲ ಅಂತ ನೀವು ಕೇಳಬಹುದು, ನಾನೂ ಕೇಳಿದ್ದೆ. "ಕುತ್ತಿಗೆ ಬಗ್ಗಿಸಿ ನೋಡಲಿಕ್ಕೆ ನನಗೇನು ಕರ್ಮ" ಅಂದರು. ಮಾನಿಟರ್, ಕೀಬೋರ್ಡ್ ಇನ್ನೂ ಗಟ್ಟಿ ಇವೆ. ಉಳಿದ ಪ್ರಶ್ನೆ ಒಂದೇ. ರೆಡಿ ಇರುವುದನ್ನು ಕೊಳ್ಳೋದಾ, ಬಿಡಿಭಾಗ ತಂದು ನಾನೇ ಜೋಡಿಸೋದಾ?

ನಿಜ ಹೇಳಬೇಕೆಂದರೆ ನನ್ನ ಮನಸ್ಸು ಜೋಡಿಸುವ ಕಡೆಗೇ ವಾಲಿತ್ತು. ಒಂದು ವಾರ ರಾತ್ರಿಯೆಲ್ಲ ಯೂಟ್ಯೂಬ್ ನೋಡಿ, ಫೋನಿನ ನೋಟ್ಸ್‌ನಲ್ಲಿ ಪಟ್ಟಿ ಮಾಡಿದ್ದೆ. ಅಪ್ಪ ನನಗೆ ಕಂಪ್ಯೂಟರ್ ಕೊಡಿಸಿದ ರಸ್ತೆಯಿಂದಲೇ ಭಾಗಗಳನ್ನು ತಂದು ಅಪ್ಪನಿಗೆ ಜೋಡಿಸಿಕೊಡುವುದು, ಕೇಳೋಕೇ ಎಷ್ಟು ಚೆನ್ನಾಗಿದೆ ಅಲ್ವಾ?

ಡಿಸೆಂಬರ್ ಮೊದಲ ಶನಿವಾರ ಜೆ.ಪಿ. ನಗರದಲ್ಲಿ ಮೆಟ್ರೊ ಹತ್ತಿದೆ. ಹಸಿರು ಮಾರ್ಗದ ರೈಲು ನ್ಯಾಷನಲ್ ಕಾಲೇಜು ದಾಟಿದ ಮೇಲೆ ನೆಲದೊಳಗೆ ಇಳಿಯುತ್ತದೆ. ಕೆ.ಆರ್. ಮಾರ್ಕೆಟ್, ಆಮೇಲೆ ಚಿಕ್ಕಪೇಟೆ. 2013ರಲ್ಲಿ ಇದು ಇರಲಿಲ್ಲ, ಈ ಸುರಂಗ ಶುರುವಾಗಿದ್ದು 2017ರಲ್ಲಿ. ಚಿಕ್ಕಪೇಟೆ ಸ್ಟೇಷನ್ನಿನ ಎಸ್ಕಲೇಟರ್ ಹತ್ತಿ ಹೊರಗೆ ಕಾಲಿಟ್ಟರೆ ತಣ್ಣನೆಯ ಎ.ಸಿ.ಯಿಂದ ನೇರ ಹದಿನಾರನೇ ಶತಮಾನಕ್ಕೆ ಬಿದ್ದ ಹಾಗಾಗುತ್ತದೆ. ಕೆಂಪೇಗೌಡರ ಊರು ಇದು. ಬಳೆಗೆ ಬಳೇಪೇಟೆ, ಅಕ್ಕಿಗೆ ಅಕ್ಕಿಪೇಟೆ, ಹತ್ತಿಗೆ ಅರಳೆಪೇಟೆ, ಒಂದೊಂದು ಕಸುಬಿಗೆ ಒಂದೊಂದು ಪೇಟೆ. ಅವೆನ್ಯೂ ರಸ್ತೆಯಲ್ಲಿ ಹಳೆ ಪುಸ್ತಕದ ರಾಶಿ ದಾಟಿ, ನಗರ್ತಪೇಟೆಯ ಇಕ್ಕಟ್ಟಿನಲ್ಲಿ ಸ್ಕೂಟರ್‌ಗಳಿಗೆ ದಾರಿ ಬಿಟ್ಟು, ಬೈಗುಳ ಕೇಳಿಸಿಕೊಂಡು ಹೋದರೆ ಎಸ್.ಪಿ. ರೋಡ್. ಪೂರ್ತಿ ಹೆಸರು ಸಾದರ ಪತ್ರಪ್ಪ ರಸ್ತೆ, ಆದರೆ ಯಾವ ಆಟೋದವರಿಗೂ ಹಾಗೆ ಹೇಳಿ ನೋಡಬೇಡಿ. ಹೆಸರಿಗೆ ರಸ್ತೆಯಾದರೂ ಇದು ಕಂಪ್ಯೂಟರ್ ಪೇಟೆಯೇ.

ಬರೀ ಕಂಪ್ಯೂಟರ್ ಅಲ್ಲ ಅನ್ನಿ. ಪಂಪು, ಮೋಟರು, ಬೇರಿಂಗು, ತಾಮ್ರದ ತಂತಿ, ಮಾರು ಲೆಕ್ಕದಲ್ಲಿ ಎಲ್‌ಇಡಿ ಪಟ್ಟಿ, ಹಿಡಿ ಲೆಕ್ಕದಲ್ಲಿ ರೆಸಿಸ್ಟರ್ ಎಲ್ಲವೂ ಸಿಗುತ್ತದೆ. ಕಾಲೇಜು ಹುಡುಗರ ಗುಂಪೊಂದು ಪ್ರಾಜೆಕ್ಟಿಗೆ ಸೆನ್ಸರ್ ಹುಡುಕುತ್ತಿತ್ತು. ತಲೆ ಮೇಲೆ ವೈರ್‌ಗಳ ಚಪ್ಪರ, ಕಾಲ ಕೆಳಗೆ ಥರ್ಮಾಕೋಲಿನ ಚೂರು. ಕೈಗಾಡಿಯೊಂದರಲ್ಲಿ ಕ್ಯಾಬಿನೆಟ್ ಪೆಟ್ಟಿಗೆಗಳನ್ನು ನನ್ನ ಎತ್ತರದ ಎರಡರಷ್ಟು ಜೋಡಿಸಿ ಒಬ್ಬರು ತಳ್ಳಿಕೊಂಡು ಹೋಗುತ್ತಿದ್ದರು. ಎದುರಿಂದ ಬಂದ ಕಾರು ತಾನಾಗಿಯೇ ಹಿಂದೆ ಹೋಯಿತು.

ಅಪ್ಪನ ಜೊತೆ ಹೋಗಿದ್ದ ಅಂಗಡಿ ಸಿಗಲಿಲ್ಲ. ಆ ಜಾಗದಲ್ಲಿ ಸಿಸಿಟಿವಿ ಕ್ಯಾಮೆರಾ ಮಾರುತ್ತಿದ್ದರು. ಅಲ್ಲೇ ನಾಲ್ಕು ಅಂಗಡಿ ಆಚೆ ಒಳಗೆ ಹೋಗಿ ಫೋನ್ ಮುಂದಿಟ್ಟೆ. ರೈಜನ್ 5 5600ಜಿ, ಮಿನಿ-ಐಟಿಎಕ್ಸ್ ಬೋರ್ಡು, 16 ಜಿಬಿ ಡಿಡಿಆರ್4, 500 ಜಿಬಿ ಎಸ್‌ಎಸ್‌ಡಿ, ಪುಟ್ಟ ಕೇಸು, ಎಸ್‌ಎಫ್‌ಎಕ್ಸ್ ಪವರ್ ಸಪ್ಲೈ.

ಗೊತ್ತಿಲ್ಲದವರಿಗೆ ಒಂದು ಮಾತು. ಮಿನಿ-ಐಟಿಎಕ್ಸ್ ಅಂದರೆ 17 ಸೆಂಟಿಮೀಟರ್ ಚೌಕದ ಮದರ್‌ಬೋರ್ಡು. ಸ್ವಲ್ಪ ದೊಡ್ಡದಾದ ಮೈಕ್ರೊ-ಎಟಿಎಕ್ಸ್ 24.4 ಸೆಂಟಿಮೀಟರ್. ಚಿಕ್ಕದಾದಷ್ಟೂ ಅಗ್ಗ ಅಂತ ನಮ್ಮ ತಲೆ ಲೆಕ್ಕ ಹಾಕುತ್ತದೆ, ನಿಜ ಉಲ್ಟಾ. ಚಿಕ್ಕ ಬೋರ್ಡು ಕೊಳ್ಳುವವರು ಕಡಿಮೆ, ಮಾದರಿಗಳೂ ಕಡಿಮೆ, ಬೆಲೆ ಜಾಸ್ತಿ. ಚಿಕ್ಕ ಪವರ್ ಸಪ್ಲೈಗೂ ಅದೇ ಕತೆ. ಕೇಸು ಕುಗ್ಗಿದ ಹಾಗೆ ಅದರೊಳಗೆ ಹಿಡಿಸುವ ಕೂಲರ್ ಹುಡುಕುವುದು ಇನ್ನೊಂದು ತಲೆನೋವು. ಅಂಗಡಿಯವರು ಪಟ್ಟಿ ನೋಡಿ ಕನ್ನಡಕ ಹಣೆ ಮೇಲೇರಿಸಿ, "ಸರ್, ಇದೇ ದುಡ್ಡಿಗೆ ದೊಡ್ಡ ಕ್ಯಾಬಿನೆಟ್ಟಲ್ಲಿ ಮಾಡ್ಕೊಡ್ತೀನಿ, ಗ್ರಾಫಿಕ್ಸ್ ಕಾರ್ಡೂ ಬರತ್ತೆ" ಅಂದರು. ಬೇಡ ಅಂದೆ. ಕ್ಯಾಲ್ಕುಲೇಟರ್ ಕುಟ್ಟಿ ತಿರುಗಿಸಿ ತೋರಿಸಿದರು. 49,200.

ನನ್ನ ಪಟ್ಟಿಯ ಬೆಲೆಗಳು ಜುಲೈನವು. ಎಲ್ಲಿ ಎಡವಿದೆ ಅಂತ ಒಂದೊಂದೇ ಸಾಲು ನೋಡಿದರೆ ರ‍್ಯಾಮ್! ಜುಲೈನಲ್ಲಿ ಮೂರು ಸಾವಿರದ ಚಿಲ್ಲರೆ ಇದ್ದದ್ದು ಎಂಟು ಸಾವಿರದ ಮುನ್ನೂರು. ನಾವೇ ಆಫೀಸಿನಲ್ಲಿ ದಿನವಿಡೀ ಕುಟ್ಟುವ ಎಐಗೆ ಡೇಟಾ ಸೆಂಟರ್ ಬೇಕು, ಆ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ನುಂಗುತ್ತಿವೆ. ಅದೇ ವಾರ ಮೈಕ್ರಾನ್ ಕಂಪನಿ, ಕ್ರೂಶಿಯಲ್ ಹೆಸರಲ್ಲಿ ನಮ್ಮಂಥ ಗ್ರಾಹಕರಿಗೆ ರ‍್ಯಾಮ್ ಮಾರುವುದನ್ನೇ ನಿಲ್ಲಿಸುತ್ತೇನೆ ಅಂತ ಘೋಷಿಸಿತ್ತು. ಸುದ್ದಿ ಓದಿ ಸ್ಕ್ರಾಲ್ ಮಾಡಿದ್ದೆ. ಅದು ಅಪ್ಪನ ದೇವಸ್ಥಾನದ ಲೆಕ್ಕದವರೆಗೆ ಬರುತ್ತದೆ ಅಂತ ಹೊಳೆದಿರಲಿಲ್ಲ. "ನಾಳೆ ಬಂದ್ರೆ ಈ ರೇಟೂ ಇರಲ್ಲ" ಅಂದರು. ಅದು ಎಲ್ಲ ಅಂಗಡಿಯವರ ಮಾತೇ ಆದರೂ ಈ ಸಲ ನಂಬಿಕೆ ಬಂತು.

ಹೊರಗೆ ಬಂದು ಒಂದು ಕಾಫಿ ಕುಡಿದೆ. ಐವತ್ತು ಸಾವಿರದ ಹತ್ತಿರ ಹೋಗುವುದಾದರೆ ಇನ್ನು ಹತ್ತು ಸೇರಿಸಿದರೆ ಮ್ಯಾಕ್ ಮಿನಿಯೇ ಬರುತ್ತದಲ್ಲ? ಎಂ4 ಮಾದರಿ ಇಲ್ಲಿ ಬಿಡುಗಡೆಯಾದಾಗ 59,900. ಹನ್ನೆರಡೂಮುಕ್ಕಾಲು ಸೆಂಟಿಮೀಟರ್ ಚೌಕ, ಐದು ಸೆಂಟಿಮೀಟರ್ ಎತ್ತರ, 16 ಜಿಬಿ ರ‍್ಯಾಮ್. ಪವರ್ ಅಡಾಪ್ಟರ್ ಕೂಡ ಒಳಗೇ. ಸುಮ್ಮನೆ ಕೂತಿದ್ದಾಗ ತಿನ್ನುವ ಕರೆಂಟು ಒಂದು ಎಲ್‌ಇಡಿ ಬಲ್ಬಿನಷ್ಟು. ನಮ್ಮ ಇನ್ವರ್ಟರ್‌ಗೆ ಇದಕ್ಕಿಂತ ಒಳ್ಳೆಯ ನೆಂಟ ಸಿಗಲ್ಲ. ಸ್ವಂತಕ್ಕಾಗಿದ್ದರೆ ನಾನು ಅಲ್ಲೇ ಯುಪಿಐ ತೆರೆಯುತ್ತಿದ್ದೆ.

ಆದರೆ ನುಡಿ ಇದೆಯಲ್ಲ. ಕನ್ನಡ ಗಣಕ ಪರಿಷತ್ತಿನ ಆ ತಂತ್ರಾಂಶದಲ್ಲಿ ಅಪ್ಪ ಇಷ್ಟು ವರ್ಷ ಟೈಪ್ ಮಾಡಿದ ಫೈಲುಗಳು ಹಳೆಯ ನುಡಿ ಅಕ್ಷರಗಳವು, ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಕನ್ನಡವೆಲ್ಲ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಪರಿವರ್ತಕಗಳು ಇವೆ, ನಾನು ಕೂತು ಎಲ್ಲವನ್ನೂ ಬದಲಿಸಿಕೊಡಬಹುದು. ಆದರೆ ಅಪ್ಪನ ಬೆರಳು? ಎಪ್ಪತ್ತರ ಹತ್ತಿರ ಬಂದ ಮನುಷ್ಯನಿಗೆ ಕಂಟ್ರೋಲ್ ಬದಲು ಕಮಾಂಡ್ ಒತ್ತು, ಫೈಲ್ ಮುಚ್ಚೋ ಗುಂಡಿ ಈಗ ಎಡಗಡೆ ಇದೆ ಅಂತ ಫೋನಿನಲ್ಲಿ ಹೇಳಿಕೊಡುವುದು ನೆನೆಸಿಕೊಂಡೆ. ಅವರು ಕಲಿಯುತ್ತಾರೆ. ತಾಳ್ಮೆ ಕಳೆದುಕೊಳ್ಳುವವನು ನಾನು. ಮೊದಲೂ ಕಳೆದುಕೊಂಡಿದ್ದೇನೆ, ಒಮ್ಮೆ ಪ್ರಿಂಟರ್ ವಿಷಯಕ್ಕೆ ಕೂಗಾಡಿ, ಅವರು "ಆಯ್ತು, ಇಡ್ತೀನಿ" ಅಂತ ಫೋನ್ ಇಟ್ಟದ್ದು ಇನ್ನೂ ಚುಚ್ಚುತ್ತದೆ.

ಕಾಫಿ ಲೋಟ ಇಟ್ಟು ಮನೆಗೆ ಫೋನ್ ಹಚ್ಚಿದೆ. ಮೂರು ಆಯ್ಕೆ ವಿವರಿಸಿದೆ. ನಾನೇ ಜೋಡಿಸುವುದು, ಹೊಸ ಮ್ಯಾಕ್ ಮಿನಿ, ಇಲ್ಲವೇ ಆಫೀಸುಗಳಿಂದ ಬಂದ ಸೆಕೆಂಡ್ ಹ್ಯಾಂಡ್ ಪುಟ್ಟ ಡೆಸ್ಕ್‌ಟಾಪ್. ಮೂರನೆಯದನ್ನು ಸುಮ್ಮನೆ ಲೆಕ್ಕಕ್ಕೆ ಸೇರಿಸಿದ್ದೆ. ಅಪ್ಪ ಎಲ್ಲ ಕೇಳಿ, ಬೆಲೆ ಕೇಳಲಿಲ್ಲ, ಸ್ಪೀಡ್ ಕೇಳಲಿಲ್ಲ.

"ಅದ್ರಲ್ಲಿ ಯಾವುದನ್ನ ನಂಗೆ ಬಿಚ್ಚಲಿಕ್ಕೆ ಬರ್ತದೆ?"

ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ನನ್ನ ಪಟ್ಟಿಯಲ್ಲಿ ಆ ಸಾಲೇ ಇರಲಿಲ್ಲ. ಮ್ಯಾಕ್ ಮಿನಿಯಲ್ಲಿ ರ‍್ಯಾಮ್ ಚಿಪ್‌ನ ಜೊತೆಗೇ ಅಂಟಿಕೊಂಡಿರುತ್ತದೆ, ರಬ್ಬರಿನಿಂದ ಉಜ್ಜಲು ಅಲ್ಲಿ ಏನೂ ಇಲ್ಲ. ಇನ್ನು ನಾನು ಜೋಡಿಸುವ ಐಟಿಎಕ್ಸ್? ವೈರ್‌ಗಳನ್ನು ಬೆಂಡೆಕಾಯಿ ಗೊಜ್ಜಿಗೆ ಹೆಚ್ಚಿದ ಹಾಗೆ ಒತ್ತೊತ್ತಾಗಿ ತುಂಬಿರುತ್ತೇನೆ, ರ‍್ಯಾಮ್ ತೆಗೆಯಲು ಮೊದಲು ಕೂಲರ್ ಬಿಚ್ಚಬೇಕಾಗಬಹುದು. ಜೋಡಿಸಿದವನಿಗೆ ಅದು ಸುಲಭ. ಜೋಡಿಸಿದವನು ವರ್ಷಕ್ಕೆ ಎರಡು ಸಲ ಊರಿಗೆ ಬರುವವನು. ಸ್ವಂತ ಕೈಯಿಂದ ಮಾಡಿಕೊಡುತ್ತೇನೆ ಅನ್ನುವ ಹುರುಪಿನಲ್ಲಿ ಅವರ ಕೈಯಿಂದ ಅದನ್ನು ಕಿತ್ತುಕೊಳ್ಳುತ್ತಿದ್ದೆ.

"ಮೂರನೇದು ನೋಡ್ತೀನಿ ಅಪ್ಪ" ಅಂದೆ.

ಹಳೆಯ ಮಾಲಿನ ಅಂಗಡಿಗಳು ಬೀದಿಗೆ ಕಾಣುವುದಿಲ್ಲ. ಒಂದು ಬಾಗಿಲಲ್ಲಿ ಕೇಳಿದರೆ ಇನ್ನೊಂದು ಕಡೆಗೆ ಕೈ ತೋರಿಸುತ್ತಾರೆ. ಇಬ್ಬರು ಎದುರಾದರೆ ಒಬ್ಬರು ವಾಪಸ್ ಇಳಿಯಬೇಕಾದಂಥ ಮೆಟ್ಟಿಲು ಹತ್ತಿ ಎರಡನೇ ಮಹಡಿಗೆ ಹೋದೆ. ಕೋಣೆ ತುಂಬ ಗೋಡೆಗೆ ಇಟ್ಟಿಗೆ ಕಟ್ಟಿದ ಹಾಗೆ ಪುಟ್ಟ ಕಪ್ಪು ಪೆಟ್ಟಿಗೆಗಳು. ಲೆನೊವೊ ಟೈನಿ, ಡೆಲ್ ಮೈಕ್ರೊ, ಎಚ್‌ಪಿ ಮಿನಿ. ಮೂರೂ ಹೆಚ್ಚುಕಡಿಮೆ ಒಂದೇ ಅಳತೆ, ಒಂದು ಲೀಟರ್ ಲೆಕ್ಕ. ಅರ್ಧ ಲೀಟರಿನ ಎರಡು ನಂದಿನಿ ಪ್ಯಾಕೆಟ್ ಅಂದುಕೊಳ್ಳಿ. ಕಂಪನಿಗಳು ಕೆಲವು ವರ್ಷ ಬಳಸಿ ಕೈಬಿಟ್ಟವು ಇಲ್ಲಿಗೆ ಬರುತ್ತವೆ. ಕೆಲವುದರ ಮೇಲೆ ಆಫೀಸಿನ ಅಸೆಟ್ ನಂಬರಿನ ಸ್ಟಿಕ್ಕರ್ ಇನ್ನೂ ಹಾಗೇ ಇತ್ತು. ನನ್ನ ಮೊದಲ ಕೆಲಸದಲ್ಲಿ ಇಂಥದ್ದೇ ಒಂದು ನನ್ನ ಮಾನಿಟರ್ ಹಿಂದೆ ಸ್ಕ್ರೂ ಹಾಕಿಸಿಕೊಂಡು ಕೂತಿರುತ್ತಿತ್ತು. ಎರಡು ವರ್ಷದಲ್ಲಿ ಒಂದು ದಿನವೂ ಅದರ ಕಡೆ ನೋಡಿರಲಿಲ್ಲ.

ನನಗೆ ಬೇಕಿದ್ದದ್ದು ಎಂಟನೇ ತಲೆಮಾರಿನ ಐ5, ಹೆಸರಿನ ಕೊನೆಗೆ 'ಟಿ' ಇರುವುದು. ಐ5-8500ಟಿಯಲ್ಲಿ ಆರು ಕೋರ್, ವಿನ್ಯಾಸದ ಮಿತಿ 35 ವಾಟ್. ಲ್ಯಾಪ್‌ಟಾಪಿನ ಥರದ ಚಾರ್ಜರ್‌ನಲ್ಲೇ ನಡೆಯುತ್ತದೆ. ಟೈಪಿಂಗು, ಯೂಟ್ಯೂಬಿನಲ್ಲಿ ಯಕ್ಷಗಾನ, ಮೊಮ್ಮಗಳ ಜೊತೆ ವಿಡಿಯೊ ಕಾಲ್, ಇಷ್ಟಕ್ಕೆ ಬೇಕಾದಷ್ಟಾಯಿತು. (ಗೇಮ್ ಆಡುವವರು, ವಿಡಿಯೊ ಎಡಿಟ್ ಮಾಡುವವರು ನನ್ನ ಮಾತು ಕೇಳಬೇಡಿ. ನೀವು ದೊಡ್ಡ ಕ್ಯಾಬಿನೆಟ್ ತಗೊಂಡು ಜೋಡಿಸಿಕೊಳ್ಳಿ.)

ಮೊದಲು ಕೊಟ್ಟದ್ದನ್ನು ಆನ್ ಮಾಡಿ ಬಯಾಸ್‌ಗೆ ಹೋದರೆ ಪಾಸ್‌ವರ್ಡ್ ಕೇಳಿತು. "ಅದೇನೂ ಆಗಲ್ಲ ಸರ್, ವಿಂಡೋಸ್ ನಡೆಯತ್ತೆ" ಅಂದ ಹುಡುಗ. ವಿಂಡೋಸ್ ನಡೆಯುತ್ತದೆ, ಸರಿ. ನಾಳೆ ಕರೆಂಟು ಬಂದ ತಕ್ಷಣ ತಾನೇ ಆನ್ ಆಗು ಅಂತ ಸೆಟ್ಟಿಂಗ್ ಬದಲಿಸಬೇಕಾದರೆ, ಇಲ್ಲವೇ ಪೆನ್‌ಡ್ರೈವಿನಿಂದ ಶುರು ಮಾಡಬೇಕಾದರೆ ಯಾವುದೋ ಕಂಪನಿಯ ಐಟಿ ವಿಭಾಗವನ್ನು ಹುಡುಕಿಕೊಂಡು ಹೋಗಲಾ? ಇಂಥದ್ದು ತಗೊಳ್ಳುವವರು ಬಯಾಸ್ ಬೀಗ ಇಲ್ಲ ಅಂತ ಅಲ್ಲೇ ನಿಂತು ನೋಡಿ. ವಿಂಡೋಸ್ ಆಕ್ಟಿವೇಟ್ ಆಗಿದೆಯಾ ನೋಡಿ, ಅಸಲಿ ಯಂತ್ರವಾದರೆ ಅದರ ಲೈಸೆನ್ಸ್ ಸಾಮಾನ್ಯವಾಗಿ ಬೋರ್ಡಿನಲ್ಲೇ ಇರುತ್ತದೆ. ಎಲ್ಲ ಯುಎಸ್‌ಬಿ ಕಿಂಡಿಗಳಿಗೂ ಒಂದು ಪೆನ್‌ಡ್ರೈವ್ ಚುಚ್ಚಿ ನೋಡಿ. ಚಾರ್ಜರ್ ಅದೇ ಕಂಪನಿಯದ್ದಾ ಕೇಳಿ. ಈ ಪೆಟ್ಟಿಗೆಗಳ ದೌರ್ಬಲ್ಯ ಅದೇ, ಬೋರ್ಡು ಹೋದರೆ ಬೇರೆ ಕಂಪನಿಯ ಬೋರ್ಡು ಒಳಗೆ ಕೂರಲ್ಲ. ಐಟಿಎಕ್ಸ್ ಆಗಿದ್ದರೆ ಕೂರುತ್ತಿತ್ತು. ಆ ಅನುಕೂಲವನ್ನು ನಾನು ಗೊತ್ತಿದ್ದೇ ಬಿಟ್ಟುಕೊಟ್ಟೆ.

ಮೂರನೆಯ ಪೆಟ್ಟಿಗೆ ಎಲ್ಲ ಪರೀಕ್ಷೆ ಪಾಸಾಯಿತು. ಹಿಂಬದಿಗೆ ಒಂದೇ ಒಂದು ಸ್ಕ್ರೂ. ಅದನ್ನು ತೆಗೆದು ಮುಚ್ಚಳ ಮುಂದಕ್ಕೆ ಸರಿಸಿದರೆ ಸಾಕು, ಒಳಗೆ ಎಲ್ಲ ಕಾಣುತ್ತದೆ.

8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ ಸೇರಿ 14,000 ಅಂದರು. ಆಗ ನೆನಪಾಯಿತು. ಎರಡು ವರ್ಷದ ಹಿಂದೆ ನನ್ನ ಲ್ಯಾಪ್‌ಟಾಪಿಗೆ ಹೆಚ್ಚು ರ‍್ಯಾಮ್ ಹಾಕಿಸಿದಾಗ ತೆಗೆದ ಎರಡು 8 ಜಿಬಿ ಡಿಡಿಆರ್4 ಕಡ್ಡಿಗಳು ಮನೆಯ ಡ್ರಾಯರಿನಲ್ಲಿ ಹಳೆ ಇಯರ್‌ಫೋನ್‌ಗಳ ಜೊತೆ ಮಲಗಿವೆ. ಈ ಪೆಟ್ಟಿಗೆಗೆ ಬೇಕಾದದ್ದೂ ಅದೇ ಲ್ಯಾಪ್‌ಟಾಪ್ ಅಳತೆಯ ಕಡ್ಡಿ. "ರ‍್ಯಾಮ್ ಬೇಡ, ಎಸ್‌ಎಸ್‌ಡಿನೂ ಹೊಸದು ಹಾಕ್ಕೋತೀನಿ" ಅಂದದ್ದೇ ತಡ ಅಂಗಡಿಯವರ ಮುಖ ಅರಳಿತು. ಬಹುಶಃ ಆ ವಾರ ಅವರಿಗೆ ಅಷ್ಟು ಒಳ್ಳೆಯ ಗಿರಾಕಿ ಬಂದಿರಲಿಲ್ಲ. ಎರಡು ಸಾವಿರದ ಐನೂರು ಇಳಿಯಿತು. ಬಿಲ್ ಇಲ್ಲದಿದ್ದರೆ ಇನ್ನಷ್ಟು ಇಳಿಸುತ್ತೇನೆ ಅಂದರು. ಬಿಲ್ ಬೇಕು ಅಂದೆ, ಆರು ತಿಂಗಳ ವಾರಂಟಿ ಬಾಯಿಮಾತಾಗುವುದು ಬೇಡ. ಕೆಳಗಿನ ಅಂಗಡಿಯಲ್ಲಿ ಹೊಸ ಎಸ್‌ಎಸ್‌ಡಿ 3,900. ಒಟ್ಟು 15,400. ಕೊಂಡದ್ದಾ, ಜೋಡಿಸಿದ್ದಾ ಅಂತ ಕೇಳಿದರೆ ಎರಡೂ ಅಲ್ಲ, ಎರಡೂ ಹೌದು.

ವಾಪಸ್ ಮೆಟ್ರೊದಲ್ಲಿ ಅದನ್ನು ಬ್ಯಾಗಿನಲ್ಲಿ ಎದೆಗೆ ಅವಚಿಕೊಂಡು ನಿಂತಿದ್ದೆ. ಹನ್ನೆರಡು ವರ್ಷದ ಹಿಂದೆ ಇದೇ ರಸ್ತೆಯಿಂದ ಕ್ಯಾಬಿನೆಟ್ಟನ್ನು ಅಪ್ಪ, ಮಾನಿಟರನ್ನು ನಾನು ಹೊತ್ತು ಆಟೋದವರ ಜೊತೆ ಚೌಕಾಸಿ ಮಾಡಿದ್ದೆವು. ಆಟೋದಲ್ಲಿ ಕ್ಯಾಬಿನೆಟ್ ಕೂತು ಅಪ್ಪನಿಗೆ ಜಾಗವೇ ಉಳಿದಿರಲಿಲ್ಲ.

ಕ್ರಿಸ್‌ಮಸ್ ರಜೆಗೆ ರಾತ್ರಿ ಬಸ್ಸಿನಲ್ಲಿ ಊರಿಗೆ ಒಯ್ದೆ. ಹಳೆಯ ಹಾರ್ಡ್‌ಡಿಸ್ಕಿನಿಂದ ಫೈಲುಗಳನ್ನು ಇಳಿಸಿ, ನುಡಿ ಹಾಕಿದೆ. ಮೊದಲು ತೆರೆದದ್ದು 2016ರ ಒಂದು ಅರ್ಜಿ, ನಮ್ಮ ಕಾಲುಸಂಕ ರಿಪೇರಿ ಮಾಡಿಸಿ ಅಂತ. ಅಕ್ಷರ ಒಂದೂ ಕೆಟ್ಟಿರಲಿಲ್ಲ. ಸಂಕವೂ ಹಾಗೆಯೇ ಇದೆ, ರಿಪೇರಿ ಆಗಿಲ್ಲ. "ಅದನ್ನೇ ತಾರೀಕು ಬದಲಿಸಿ ಮತ್ತೆ ಕೊಡಬೇಕು" ಅಂದರು ಅಪ್ಪ.

ಆಮೇಲೆ ಸ್ಕ್ರೂಡ್ರೈವರ್ ತಂದರು. ಈಗಷ್ಟೇ ನಡೀತಿದೆ, ಯಾಕೆ ಬಿಚ್ಚೋದು ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಸ್ವಿಚ್ ಆಫ್ ಮಾಡಿ, ಚಾರ್ಜರ್ ಕಿತ್ತು, ಜಗಲಿಯ ಬೆಳಕಿಗೆ ಪೆಟ್ಟಿಗೆ ತಂದು ಬಿಚ್ಚಿದರು. ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. "ಇಷ್ಟೇನಾ?" ರ‍್ಯಾಮ್ ಕಡ್ಡಿಯ ಎರಡೂ ಕಡೆಯ ಕ್ಲಿಪ್ ಅಗಲಿಸಿದರೆ ಅದು ತಾನೇ ಮೇಲೇಳುವುದನ್ನು ತೋರಿಸಿದೆ. ಅವರೇ ನಾಲ್ಕು ಸಲ ತೆಗೆದು ಹಾಕಿದರು. ಅದೇ ಹಳೆಯ ಡೈರಿಯಲ್ಲಿ ಹೊಸ ಪುಟಕ್ಕೆ ತಿರುಗಿಸಿ ತಾರೀಕು ಹಾಕಿ ಬರೆದುಕೊಂಡರು. ಬರೆದದ್ದು ನಾನು ಇಣುಕಿ ನೋಡಿದೆ: "ಸ್ಕ್ರೂ 1. ರ‍್ಯಾಮ್ 2, ಓರೆಯಾಗಿ ಹಾಕುವುದು."

ಹಳೆಯ ಕ್ಯಾಬಿನೆಟ್ ಗುಜರಿಗೆ ಕೊಡಲು ಬಿಡಲಿಲ್ಲ. ಅದರ ಮೇಲೆ ಹೊದಿಸುತ್ತಿದ್ದ, ಅಮ್ಮ ಹಳೆ ಸೀರೆಯಲ್ಲಿ ಹೊಲಿದ ಕವರನ್ನು ತಂದು ಹೊಸದರ ಮೇಲೆ ಹಾಕಿದರು. ಪೆಟ್ಟಿಗೆ ಅದರೊಳಗೆ ಕಾಣದಂತೆ ಮುಳುಗಿಹೋಯಿತು. ಅಮ್ಮ ಕತ್ತರಿ ಹುಡುಕಲು ಒಳಗೆ ಹೋದಳು.